ಮಾವನ ಮೋಟಾರಿಗೆ ನಾನು ಹಚ್ಚಿದ ಬಟ್ಟೆ

ನಿನ್ನ ಅಪ್ಪನ ಆಟದ ಕಾರಿನ ಮೋಟಾರು ಸುಟ್ಟದ್ದು ನಿನ್ನಿಂದಲ್ಲ, ಗಿರಿಜಾ. ನನ್ನಿಂದ. ನೀನು ತಿಕ್ಕಿ ಕೂರಿಸಿದ ಕಾರ್ಬನ್ನಿನಲ್ಲಿ ಯಾವ ದೋಷವೂ ಇರಲಿಲ್ಲ. ಅದು ನನಗೆ ಅಂದೇ ಗೊತ್ತಿತ್ತು. ‘ಅನುಮಾನವಿತ್ತು’ ಎಂದು ಬರೆಯಲು ಕೈ ಹೋಗುತ್ತಿದೆ — ಬೇಡ. ಗೊತ್ತಿತ್ತು.

ಇಷ್ಟು ವರ್ಷ ಹೇಳದೆ ಇದ್ದದ್ದು ಹೆದರಿಕೆಯಿಂದ ಎಂದರೆ ಅರ್ಧ ನಿಜ. ಭೌತಶಾಸ್ತ್ರ ಓದಿ, ಬಳ್ಳಾರಿಯ ಕಾಲೇಜಿನಲ್ಲಿ ಅದನ್ನೇ ಕಲಿಸುತ್ತ, ಯಾವುದನ್ನೂ ಮತ್ತೊಮ್ಮೆ ಅಳೆಯದೆ ನಂಬಬೇಡಿ ಎಂದು ಮಕ್ಕಳಿಗೆ ಹೇಳುತ್ತ ಬಂದವನು ನಾನು. ಆ ಅಭ್ಯಾಸವನ್ನು ನನ್ನ ನೆನಪಿನ ಮೇಲೂ ತಿರುಗಿಸಿದೆ. ನಿಜವಾಗಿ ಹಾಗೇ ನಡೆಯಿತೆ? ನಾನು ಆಮೇಲೆ ಕಟ್ಟಿಕೊಂಡದ್ದಲ್ಲವೆ? ಹೀಗೆ ಕೇಳಿಕೊಳ್ಳುತ್ತ ಹೋದರೆ ಒಪ್ಪಿಕೊಳ್ಳುವ ದಿನ ಬರುವುದೇ ಇಲ್ಲ. ಸಂಶಯದ ಒಳಗೆ ಕೂತು ಚಿಲಕ ಹಾಕಿಕೊಂಡಿದ್ದೆ. ಈಗ ಸಾಕಾಗಿದೆ.

ಆ ರಿಮೋಟ್ ಕಾರನ್ನು ನಿನ್ನ ಅಪ್ಪ ಕಾಲುವೆ ಇಲಾಖೆಯಲ್ಲಿದ್ದಾಗ ಮದರಾಸಿನಿಂದ ಬಿಡಿ ಭಾಗಗಳಾಗಿ ತಂದಿದ್ದರು. ಕುರುಗೋಡಿನ ಮನೆಯ ಪಡಸಾಲೆಯಲ್ಲಿ, ಲಂಗ ತೊಟ್ಟ ನಿನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಜೋಡಿಸಿದ್ದರು. ನೀನು ಸ್ಕ್ರೂಡ್ರೈವರ್ ಹಿಡಿಯಲು ಕಲಿತದ್ದು ಆ ಕಾರಿನ ಮೇಲೆ. ಮದುವೆಯಾಗಿ ಬಂದ ಹೊಸತರಲ್ಲಿ ನಮ್ಮ ಮನೆಯ ಮಿಕ್ಸಿ, ಫ್ಯಾನು, ಆಮೇಲೆ ನಿನ್ನ ಜೀನ್ಸ್ ಹೊಲಿಗೆ ಯೂನಿಟ್ಟಿನ ಯಂತ್ರಗಳು — ಯಾವುದಕ್ಕೂ ಹೊರಗಿನವರನ್ನು ಕರೆದವಳಲ್ಲ ನೀನು.

ಲಕ್ವ ಹೊಡೆದು ಬಲಗೈ ಬಿದ್ದ ಮೇಲೆ ನಿನ್ನ ಅಪ್ಪನಿಗೆ ಉಳಿದಿದ್ದ ಸಂತೋಷ ಅದೊಂದೇ. ಭಾನುವಾರ ಸಿರುಗುಪ್ಪದಲ್ಲಿ ನಿನ್ನ ಸೋದರಮಾವನ ಅಕ್ಕಿ ಗಿರಣಿಗೆ ಹೋಗುವುದು. ಅಲ್ಲಿನ ಬತ್ತ ಒಣಗಿಸುವ ಸಿಮೆಂಟು ಕಣ ಖಾಲಿಯಿದ್ದರೆ ಕುರ್ಚಿ ಹಾಕಿಸಿಕೊಂಡು ಕೂರುವುದು. ನೀನು ಕಾರು ಓಡಿಸುತ್ತಿದ್ದೆ, ಅವರು ತೊದಲುತ್ತ ಬೈಯುತ್ತಿದ್ದರು: “ಲೇ ಗಿರಿಜಿ, ಎತ್ತಿನ ಬಂಡಿ ಹೊಡೀತಿಯೇನಲೇ? ಬಿಡು, ಜೋರ್ ಬಿಡು!”

ನಿಲ್ಲಿಸಿದ ಮೇಲೆ ಅವರದೊಂದು ಪದ್ಧತಿ. ಮೋಟಾರಿನ ಡಬ್ಬಿಯ ಮೇಲೆ ಎಡಗೈ ಬೆರಳು ಇಟ್ಟು, ನಿಧಾನವಾಗಿ ಮೂರು ಊರಿನ ಹೆಸರು ಹೇಳುವುದು: “ಕುರುಗೋಡು… ಸಿರುಗುಪ್ಪ… ಬಳ್ಳಾರಿ.” ಬಳ್ಳಾರಿ ಮುಗಿಯುವ ತನಕ ಬೆರಳು ತಡೆದರೆ ಮತ್ತೆ ಓಡಿಸಬಹುದು. ಮೊದಲೇ ಬೆರಳು ಎದ್ದರೆ ಅವತ್ತಿಗೆ ಸಾಕು. ನಾನು ಥರ್ಮಾಮೀಟರ್ ತಂದುಕೊಡುತ್ತೇನೆ ಎಂದದ್ದಕ್ಕೆ ಅವರು ನಕ್ಕು, “ಅಳಿಯಂದ್ರ, ಜ್ವರ ನೋಡ್ಕೊಳ್ಳಾಕ ಇಟ್ಕೊಳ್ರಿ ಅದನ್ನ” ಎಂದಿದ್ದರು. ಆ ನಗು ನನಗೆ ಸ್ವಲ್ಪ ಚುಚ್ಚಿತ್ತು. ಇದನ್ನೂ ಹೇಳಿಬಿಡಬೇಕು — ಮುಂದೆ ಆದದ್ದಕ್ಕೆ ಕಾರಣವೆಂದಲ್ಲ, ಬಿಟ್ಟರೆ ಕಥೆ ನನ್ನ ಕಡೆ ವಾಲುತ್ತದೆ ಎಂದು.

ಆ ವರ್ಷ ಸುಗ್ಗಿಯ ಹೊತ್ತಿಗೆ ಬೆರಳು ಸಿರುಗುಪ್ಪಕ್ಕೇ ಏಳತೊಡಗಿತು. ಕಾರು ಎರಡು ಸುತ್ತು ಹೊಡೆಯುವಷ್ಟರಲ್ಲಿ ತಂತಿಯ ವಾರ್ನಿಶ್ ಕಾದ ವಾಸನೆ. ನೀನು ಒಂದೊಂದಾಗಿ ನೋಡಿದೆ. ಹಲ್ಲುಚಕ್ರಗಳು ಬಿಗಿಯಾಗಿ ಕಚ್ಚಿವೆಯೇ ಎಂದು ನಡುವೆ ಕಾಗದದ ಚೂರು ಹಾಯಿಸಿ ಸಡಿಲಿಸಿದೆ. ಶಾಫ್ಟಿಗೆ ಎಣ್ಣೆ ಬಿಟ್ಟೆ. ಒಳಗೆ ತಿರುಗುವ ತಾಮ್ರದ ಭಾಗ ಕಪ್ಪಾಗಿತ್ತು, ಅದನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿದೆ. ಕೊನೆಗೆ, ಆ ತಾಮ್ರಕ್ಕೆ ಒತ್ತಿ ಕೂತು ಕರೆಂಟು ದಾಟಿಸುವ ಕಾರ್ಬನ್ ತುಂಡು ನೋಡಿದರೆ ಸವೆದು ಮೊಟಕಾಗಿತ್ತು. ಅಷ್ಟು ಹಳೆಯ ಮೋಟಾರಿಗೆ ಕಾರ್ಬನ್ ಎಲ್ಲಿ ಸಿಗಬೇಕು? ಮಿಕ್ಸಿಯ ಕಾರ್ಬನ್ ತಂದು, ಅರದಿಂದ ತಿಕ್ಕಿ ತಿಕ್ಕಿ ಅಳತೆಗೆ ತಂದು ಕೂರಿಸಿದೆ. ಎರಡು ಸಂಜೆ ನೀನು ಅದಕ್ಕೇ ಕೂತಿದ್ದೆ. ಅಥವಾ ಮೂರೋ.

ನಾನು ಕಂಡದ್ದು ಬೇರೆ. ಗಿರಣಿಯಲ್ಲಿ ಆಗ ಹೊಟ್ಟಿನ ಧೂಳು ಮೋಡದ ಹಾಗೆ ಕವಿಯುತ್ತಿತ್ತು. ಮೋಟಾರಿನ ಡಬ್ಬಿಗೆ ಗಾಳಿಯಾಡಲು ಕಿಂಡಿಗಳಿವೆ. ಅವುಗಳಿಂದ ಹೊಟ್ಟು ಒಳಗೆ ಹೋಗಿ ಸಿಕ್ಕಿಕೊಳ್ಳುವುದೇ ಮೂಲ ಕಾರಣ ಎಂದು ನನಗೆ ನಾನೇ ತೀರ್ಮಾನಿಸಿದೆ. ಕಿಂಡಿಗೆ ತೆಳುಬಟ್ಟೆಯ ಜರಡಿ ಹಚ್ಚಿದರಾಯಿತು! ಒಮ್ಮೆಯಾದರೂ ಮಾವನ ಎದುರು ‘ಇದು ನಾನು ಮಾಡಿದ್ದು’ ಎನ್ನಬೇಕಿತ್ತು.

ನಿನ್ನ ಹತ್ತಿರ ಜೀನ್ಸಿನ ಜೇಬಿಗೆ ಹಾಕುವ ನೀಲಿ ಬಟ್ಟೆಯ ತುಂಡು ಕೇಳಿದೆ. ನೀನು ಯಂತ್ರದಿಂದ ತಲೆ ಎತ್ತದೆ, “ಯಾದಕ್ಕ ಬೇಕ್ರೀ?” ಎಂದೆ.

“ಚಸ್ಮಾ ಒರಸಾಕ” ಎಂದೆ ನಾನು.

ನನ್ನ ಎಲ್ಲ ನೆನಪುಗಳನ್ನೂ ನಾನು ಅನುಮಾನಿಸಬಲ್ಲೆ, ಇದೊಂದನ್ನು ಬಿಟ್ಟು. ನಡುವೆ ಕೆಲವು ವರ್ಷ, ಬಟ್ಟೆ ಹಚ್ಚುವುದು ನಿನಗೂ ಗೊತ್ತಿತ್ತು, ನಾವಿಬ್ಬರೂ ಸೇರಿಯೇ ಮಾಡಿದ್ದು ಎಂಬ ಇನ್ನೊಂದು ಕಥೆಯನ್ನು ಸಾಕಿಕೊಂಡಿದ್ದೆ. ಆದರೆ ಪ್ರತಿ ಸಲವೂ ಈ ಚಸ್ಮಾ ಅಡ್ಡ ಬರುತ್ತಿತ್ತು.

ಭಾನುವಾರ ಕುರುಗೋಡಿನಿಂದ ಹೊರಡುವ ಮುಂಚೆ, ನೀನು ಅಪ್ಪನಿಗೆ ಅಂಗಿ ತೊಡಿಸುತ್ತಿದ್ದಾಗ, ನಾನು ಚಪ್ಪಲಿಗೆ ಹಚ್ಚುವ ಹಳದಿ ಅಂಟಿನಿಂದ ಬಟ್ಟೆಯನ್ನು ಕಿಂಡಿಗಳ ಮೇಲೆ ಕೂರಿಸಿದೆ. ಮೇಲೆ ಕಾರಿನ ಚಿಪ್ಪು ಮುಚ್ಚಿದರೆ ಯಾರಿಗೂ ಕಾಣುವಂತಿರಲಿಲ್ಲ. ಗೆದ್ದ ಮೇಲೆ ತೋರಿಸೋಣವೆಂದಿದ್ದೆ.

ನಿನ್ನ ತಮ್ಮನೂ ಸೋದರಮಾವನೂ ಕಣದ ಅಂಚಿನಲ್ಲಿ ನಿಂತು ನೋಡುತ್ತಿದ್ದರು. ಕಾರು ಮೊದಲು ಚೆನ್ನಾಗಿಯೇ ಓಡಿತು. ಅಪ್ಪ ಎಡಗೈಯಿಂದ ತೊಡೆ ತಟ್ಟಿದರು. ಬೆರಳು ಇಟ್ಟು ನೋಡೋಣವೆಂದು ನೀನು ನಿಲ್ಲಿಸಲು ಹೋದರೆ, “ಇನ್ನೊಂದು ಸುತ್ತು, ಹೊಸ ಕಾರ್ಬನ್ ಐತಿ, ಏನಾಗಲ್ಲ” ಎಂದವನು ನಾನು — ಅಥವಾ ಅಪ್ಪನೇ ಅಂದರೋ. ಇಲ್ಲ, ನಾನೇ ಇರಬೇಕು. ಆ ಸುತ್ತಿನಲ್ಲೇ ಚಿಪ್ಪಿನ ಕೆಳಗಿಂದ ಹೊಗೆ ಎದ್ದಿತು. ಕಾರು ಕಣದ ನಡುವೆ ನಿಂತುಬಿಟ್ಟಿತು.

ನಾನು ಓಡಿದೆ. ಎಲ್ಲರಿಗಿಂತ ಮುಂಚೆ ಓಡಿದೆ. “ನೀರಿನ ಹತ್ರ ಒಯ್ತೀನಿ” ಎಂದು ಕಾರನ್ನು ಎತ್ತಿಕೊಂಡು ನಲ್ಲಿಯ ಕಡೆ ಹೋಗಿ, ನಿಮಗೆ ಬೆನ್ನು ಮಾಡಿ, ಬಿಸಿ ಡಬ್ಬಿಯಿಂದ ಬಟ್ಟೆಯನ್ನು ಉಗುರಿನಿಂದ ಕಿತ್ತು ಹೊಟ್ಟಿನ ರಾಶಿಯೊಳಗೆ ತುರುಕಿದೆ. ಬೆರಳ ತುದಿ ಬೊಕ್ಕೆ ಎದ್ದಿತು. ಮನೆಗೆ ಬಂದ ಮೇಲೆ ನೀನೇ ಅದಕ್ಕೆ ಎಣ್ಣೆ ಹಚ್ಚಿದೆ.

ತಿರುಗಿ ಬಂದಾಗ ಅಪ್ಪ ನಿನ್ನನ್ನು ಕೇಳುತ್ತಿದ್ದರು: “ಏನ್ ಹಾಕಿದ್ದಿ ಅದಕ್ಕ?”

“ಮಿಕ್ಸಿ ಕಾರ್ಬನ್ ಅಪ್ಪಾ. ಸಣ್ಣಗ ತಿಕ್ಕೀನಿ, ಬರಾಬರ್ ಕುಂತಿತ್ತು.”

ಅವರು ನನ್ನ ಕಡೆ ನೋಡಿದರು. “ಅಳಿಯಂದ್ರ, ನೀವು ಓದಿದೋರು. ಏನಂತೀರಿ?”

ಜೀವಮಾನದಲ್ಲಿ ಅವರು ನನ್ನ ಓದನ್ನು ನಂಬಿ ಕೇಳಿದ ಒಂದೇ ಪ್ರಶ್ನೆ ಅದು. ನಾನು ಹೇಳಿದೆ: “ಕಾರ್ಬನ್ ಗಡಸು ಆತೇನೋ, ಮಾವಾ.”

ಅಷ್ಟೇ. ಆತು ಎನ್ನಲಿಲ್ಲ, ಆತೇನೋ ಎಂದೆ. ಸುಳ್ಳಿನಲ್ಲೂ ಸಂಶಯಕ್ಕೆ ಜಾಗ ಬಿಟ್ಟಿದ್ದೆ.

ಅವರು ನಿನಗೆ ಹೇಳಿದರು: “ಇನ್ಮ್ಯಾಲ ನೀ ಮುಟ್ಟಬ್ಯಾಡ.” ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಸಿಟ್ಟಿದ್ದರೆ ನೀನು ಜಗಳವಾಡಿ ಗೆಲ್ಲುತ್ತಿದ್ದೆ. ಮುಂದಿನ ಬೇಸಿಗೆ ದಾಟುವ ಮೊದಲೇ ಅವರು ಹೋದರು. ಕಾರು ಮತ್ತೆ ಓಡುವುದನ್ನು ನೋಡಲಿಲ್ಲ. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ.

ನೀನು ಮುಟ್ಟುವುದನ್ನು ಬಿಟ್ಟೆ. ಕಾರನ್ನಷ್ಟೇ ಅಲ್ಲ. ಮನೆಯ ಫ್ಯೂಸು ಹೋದರೂ ಯಾರಿಗೋ ಫೋನು ಮಾಡುತ್ತೀಯ. ಯೂನಿಟ್ಟಿನ ಯಂತ್ರ ನಿಂತರೆ ಮೆಕ್ಯಾನಿಕ್ಕು ಬರುವವರೆಗೆ ಕೈಕಟ್ಟಿ ಕಾಯುತ್ತೀಯ. “ನನ್ ಕೈ ಸುಡೋ ಕೈ ರೀ” ಎಂದು ನಗುತ್ತೀಯ. ಆ ನಗುವಿನ ಎದುರು ಕೂತು ಚಹಾ ಕುಡಿದಿದ್ದೇನೆ, ಎಷ್ಟೋ ವರ್ಷ.

ಹೋದ ತಿಂಗಳು ನಿನ್ನ ತಮ್ಮ ಬಸವರಾಜ ಕುರುಗೋಡಿನಿಂದ ಆ ಕಾರನ್ನು ಟವೆಲ್ಲಿನಲ್ಲಿ ಸುತ್ತಿ ತಂದ. “ಅಕ್ಕಾ, ಅಪ್ಪಂದು. ನಿನ್ನ ಹತ್ರಾನ ಇರ್ಲಿ.” ನೀನು ಕೈ ಹಿಂದಕ್ಕೆ ತೆಗೆದುಕೊಂಡೆ. “ಸುಟ್ಟಾಕಿ ಹತ್ರ ಕೊಡ್ತಿಯಲ್ಲೋ, ಮಾರಾಯ!” ಎಂದು ನಕ್ಕು ಅಡುಗೆಮನೆಗೆ ಹೋದೆ.

ನೀನು ಯೂನಿಟ್ಟಿಗೆ ಹೋದ ಮೇಲೆ ನಾನು ಮೋಟಾರು ಬಿಚ್ಚಿದೆ. ನನ್ನ ನೆನಪು ತಪ್ಪಾಗಿರಲಿ ಎಂದು ಹಾರೈಸುತ್ತಲೇ ಬಿಚ್ಚಿದೆ. ಒಳಗೆ ತಂತಿಯ ಸುರುಳಿ ಕರಕಲು. ಕಾರ್ಬನ್ ಮಾತ್ರ ಹಾಗೇ ಇದೆ — ನಿನ್ನ ಅರದ ಗೀರುಗಳು ಇನ್ನೂ ಎಣಿಸುವಂತಿವೆ. ಡಬ್ಬಿಯ ಹೊರಗೆ, ಪ್ರತಿ ಕಿಂಡಿಯ ಸುತ್ತ, ಒಣಗಿದ ಹಳದಿ ಅಂಟಿನ ಬಳೆ. ಒಂದರಲ್ಲಿ ನೀಲಿ ಎಳೆ ಸಿಕ್ಕಿಕೊಂಡಿದೆ.

ಅಷ್ಟಕ್ಕೂ ಒಪ್ಪಲಿಲ್ಲ ನಾನು. ಅದೇ ಜಾತಿಯ ಹಳೆಯ ಮೋಟಾರೊಂದನ್ನು ಹುಡುಕಿ ತರಿಸಿದೆ. ನಿನ್ನ ಕಾರ್ಬನ್ನನ್ನೇ ಅದಕ್ಕೆ ಹಾಕಿ ಮಹಡಿಯ ಮೇಲೆ ಓಡಿಸಿದೆ. ಬೆರಳಿಟ್ಟು ಹೇಳಿದೆ — ಬಳ್ಳಾರಿಯವರೆಗೆ ತಡೆಯಿತು. ನಡುವೆ ಪೂರ್ತಿ ಆರಲು ಬಿಟ್ಟು, ಜೇಬಿನ ಬಟ್ಟೆ ಹಚ್ಚಿ, ಕಿಂಡಿಗಳ ಗಾಳಿ ಕಟ್ಟಿ, ಅಷ್ಟೇ ಹೊತ್ತು ಓಡಿಸಿದೆ. ಕುರುಗೋಡು ಮುಗಿಯುವ ಮುಂಚೆ ಬೆರಳು ತಾನಾಗಿ ಎದ್ದಿತು. ಬೇರೆ ಮೋಟಾರು, ಬೇರೆ ಹವೆ, ಇದು ಪುರಾವೆಯಲ್ಲ ಎಂದು ಒಳಗಿನವನು ಆಗಲೂ ಗೊಣಗಿದ. ಅವನು ಗೊಣಗುತ್ತಲೇ ಇರಲಿ. ಅವನ ಮಾತು ಕೇಳಿ ಕೇಳಿ ನನಗೆ ದಣಿವಾಗಿದೆ.

ಇದನ್ನು ಮಾವನಿಗೆ ಹೇಳಲಾಗುವುದಿಲ್ಲ. ಬಸವರಾಜನಿಗೆ ಹೇಳುತ್ತೇನೆ, ಸಿರುಗುಪ್ಪದ ಸೋದರಮಾವನಿಗೂ ಹೇಳುತ್ತೇನೆ — ಆ ದಿನ ಅವರೆಲ್ಲರ ಮುಂದೆಯೇ ನಿನ್ನ ಕೈಗೆ ಆ ಹೆಸರು ಬಂದದ್ದು. ಆದರೆ ಮೊದಲು ನಿನಗೆ. ಇನ್ನು ಸ್ವಲ್ಪ ಹೊತ್ತಿಗೆ ನಿನ್ನ ಸ್ಕೂಟರಿನ ಸದ್ದಾಗುತ್ತದೆ. ಸುಟ್ಟ ಮೋಟಾರು ಮೇಜಿನ ಮೇಲಿದೆ. ಅಂಟಿನ ಬಳೆಗಳನ್ನು ಒರೆಸಿಲ್ಲ, ನೀಲಿ ಎಳೆಯನ್ನು ತೆಗೆದಿಲ್ಲ. ನೀನು ನೋಡಿದ ತಕ್ಷಣ ನಿನಗೆ ಅರ್ಥವಾಗುತ್ತದೆ, ನನಗಿಂತ ಬೇಗ. ಆಮೇಲೆ ನೀನು ಏನು ಹೇಳಿದರೂ, ಏನೂ ಹೇಳದಿದ್ದರೂ, ನಾನು ‘ಏನೋ’ ಸೇರಿಸುವುದಿಲ್ಲ.

ಅಂದು ನೀನು ಯಂತ್ರದಿಂದ ತಲೆ ಎತ್ತದೆ ಕೇಳಿದ್ದೆಯಲ್ಲ, ಬಟ್ಟೆ ಯಾದಕ್ಕ ಬೇಕ್ರೀ ಎಂದು. ಅದಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ. ಅಲ್ಲಿಂದಲೇ ಶುರು ಮಾಡುತ್ತೇನೆ.