ಮಾವನ ನಡಿಗೆ ಕ್ಲಾಸು

ಮಾವನ ಶರ್ಟುಗಳೆಲ್ಲ ಎಡಭುಜದಲ್ಲೇ ಮೊದಲು ಸವೆಯುತ್ತಿದ್ದವು. ಅತ್ತೆ ಹಿಡಿದುಕೊಳ್ಳುತ್ತಿದ್ದದ್ದು ಆ ಭುಜವನ್ನೇ. ಬಟ್ಟೆ ತೆಳುವಾಗಿ ಒಳಗಿನ ಬನಿಯನ್ ಕಾಣುತ್ತಿದ್ದರೂ ಅದನ್ನೇ ತೊಟ್ಟು ಮುಂಬೈ ಹತ್ತಿರದ ನಮ್ಮ ಡೊಂಬಿವಲಿ ಪೇಟೆಯೆಲ್ಲ ಸುತ್ತುತ್ತಿದ್ದರು. ಹೊಸದು ಹಾಕಿಕೊಳ್ಳಿ ಎಂದರೆ, "ಹೊಸದರಲ್ಲಿ ಅವಳ ಕೈ ಜಾರ್ತದೆ ಮಾರಾಯ್ತಿ" ಎನ್ನುವರು.

ನಾನು ಹುಬ್ಬಳ್ಳಿಯವಳು. ಉಡುಪಿ ಕಡೆಯಿಂದ ಬಂದು ಇಲ್ಲಿ ನೆಲೆಸಿದವರ ಈ ಮನೆಗೆ ಸೊಸೆಯಾಗಿ ಬಂದಾಗ ಇಲ್ಲಿ ಎಲ್ಲರದೂ ತುಳು. ನನಗೆ ಒಂದಕ್ಷರ ತಿಳಿಯದು. ನಾನು ಒಳಗೆ ಕಾಲಿಟ್ಟರೆ ಸಾಕು, ನನ್ನ ಗಂಡನ ಅಪ್ಪ, ಅಂದರೆ ಮಾವ, ಆಡುತ್ತಿದ್ದ ಮಾತನ್ನು ನಡುವೆಯೇ ಕನ್ನಡಕ್ಕೆ ಹೊರಳಿಸಿಬಿಡುತ್ತಿದ್ದರು. ಮಹಾಪೆಯ ಒಂದು ಕಂಪನಿಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದವರು ಸಂಜೆ ಬರುವಾಗ ಅತ್ತೆಗೆ ಮಲ್ಲಿಗೆ, ನನಗೆ ಅಬೋಲಿ, ಅಂದರೆ ಕನಕಾಂಬರ, ತರುತ್ತಿದ್ದರು.

ಅವರು ನಿವೃತ್ತರಾದ ವರ್ಷವೇ ಅತ್ತೆಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಸೋತವು, ಮಾತು ತೊದಲಿತು. ನಮ್ಮದು ಲಿಫ್ಟ್ ಇಲ್ಲದ ಕಟ್ಟಡದ ಮೂರನೇ ಮಹಡಿ. ಆಸ್ಪತ್ರೆಯಿಂದ ಕುರ್ಚಿಯಲ್ಲಿ ಹೊತ್ತು ತಂದ ದಿನ ಯಾರೋ ಮೆಲ್ಲಗೆ, ಇನ್ನು ಇವರು ಕೆಳಗಿಳಿದಂತೆಯೇ ಎಂದರು. ಮಾವನಿಗೆ ಕೇಳಿಸಿತು.

"ಇಳೀತಾಳೆ. ನಮ್ಮೂರವರ ಸಂಘದ ಭಜನೆಗೆ ಹೋಗ್ಲಿಕ್ಕುಂಟು ಅವಳಿಗೆ."

ಫಿಸಿಯೋಥೆರಪಿ ಮಾಡುತ್ತಿದ್ದ ಮರಾಠಿ ಹುಡುಗಿಯಿಂದ ಮಾವ ಒಂದೊಂದೇ ವ್ಯಾಯಾಮ ಕಲಿತುಕೊಂಡರು. ಮೊದಲು ಮಂಚದಿಂದ ಬಾಗಿಲು, ಆಮೇಲೆ ಬಾಗಿಲಿನಿಂದ ಮೆಟ್ಟಿಲು. ಇಳಿಯುವಾಗ ಇವರು ಒಂದು ಮೆಟ್ಟಿಲು ಮುಂದೆ, ಇವರ ಭುಜ ಹಿಡಿದು ಅತ್ತೆ ಹಿಂದೆ. ಲೋಕಲ್ ರೈಲು ಇಳಿದವರೆಲ್ಲ ಮನೆಗೆ ಬರುವ ಹೊತ್ತು ಅದು. ಸೊಸೈಟಿಯ ಸೆಕ್ರೆಟರಿ ಒಂದು ಸಂಜೆ ಮೆಟ್ಟಿಲೆಲ್ಲ ಕಟ್ಟಿಹೋಗುತ್ತದೆಂದು ಸಿಡುಕಿದರು: "ಅಂಕಲ್, ಪೂರಾ ಸೀಡಿ ಜಾಮ್ ಹೋತಾ ಹೈ!"

ಮಾವ ನಕ್ಕು, ಎರಡು ನಿಮಿಷ ನಿಂತು ಇವಳೊಡನೆ ಮಾತಾಡಿ, ಇವಳು ಮಾತೂ ಕಲಿಯಬೇಕಲ್ಲ ಎಂದರು: "ದೋ ಮಿನಿಟ್ ರುಕೋ ನಾ. ಆಂಟೀಸೆ ಬಾತ್ ಕರೋ. ಉಸ್ಕೋ ಬೋಲ್ನಾ ಭೀ ತೋ ಸೀಖ್ನಾ ಹೈ."

ಸೆಕ್ರೆಟರಿ ಪೆಚ್ಚಾಗಿ ಅತ್ತೆಯ ಆರೋಗ್ಯ ವಿಚಾರಿಸಿದರು. ಅತ್ತೆ ತೊದಲುತ್ತ ಉತ್ತರಿಸಿದರು. ಆಮೇಲೆ ಅದೇ ರೂಢಿಯಾಯಿತು; ಮೆಟ್ಟಿಲಲ್ಲಿ ಸಿಕ್ಕವರೆಲ್ಲ ಅತ್ತೆಯೊಡನೆ ಮಾತಾಡದೆ ಮೇಲೆ ಹತ್ತುವಂತಿರಲಿಲ್ಲ.

ಒಂದು ದಿನ ಮಾತ್ರ ಅತ್ತೆ ಎರಡನೇ ಮಹಡಿಯಲ್ಲಿ ಕುಸಿದು ಕೂತರು. "ಬಿಡಿ ನನ್ನನ್ನು. ನನ್ನಿಂದ ಆಗುದಿಲ್ಲ" ಎಂದು ಬಿಕ್ಕಿದರು. ಮಾವ ಧೈರ್ಯ ಹೇಳಲಿಲ್ಲ, ಎಬ್ಬಿಸಲೂ ಇಲ್ಲ. ಪಕ್ಕದಲ್ಲೇ ಕೂತು, ಮೇಲೆ ನಿಂತಿದ್ದ ನನಗೆ ಕೂಗಿ ಹೇಳಿದರು: "ಎರಡು ಕಾಫಿ ಇಲ್ಲಿಗೇ ತಾ." ಎಲ್ಲರೂ ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದ ಎದುರು ಮನೆಯ ಮರಾಠಿ ಹೆಂಗಸು ಚಕ್ಕುಲಿ ತಂದರು. ಮಾವ, ಅತ್ತೆ ಇಬ್ಬರೂ ಮದುವೆಗೆ ಹೋದವರಂತೆ ಅಲ್ಲಿ ಕೂತು ಕಾಫಿ ಕುಡಿದರು. ಲೋಟ ಖಾಲಿಯಾದಾಗ ಅತ್ತೆ ತಾವಾಗಿಯೇ ಕೈ ಚಾಚಿ ಭುಜ ಹಿಡಿದರು.

ಮರುವರ್ಷದ ನವರಾತ್ರಿಗೆ ಅತ್ತೆ ಮಲ್ಲಿಗೆ ಮುಡಿದು ಇಳಿದರು. ಪ್ರತಿ ಮಹಡಿಯಲ್ಲೂ ಬಾಗಿಲು ತೆರೆದು ಜನ ನಿಂತಿದ್ದರು. ಸಂಘದ ಹಾಲ್‌ನಲ್ಲಿ ಯಾರೋ ಕುರ್ಚಿ ತಂದರೆ ಬೇಡವೆಂದರು. ನಿಂತುಕೊಂಡೇ ಒಂದು ಭಜನೆ ಹೇಳಿದರು. ಪದಗಳು ಅಲ್ಲಲ್ಲಿ ಮುಗ್ಗರಿಸಿದವು, ಶ್ರುತಿ ಎಲ್ಲೂ ತಪ್ಪಲಿಲ್ಲ. ಮಾವ ತಾಳ ಹಾಕುವುದನ್ನೂ ಮರೆತು ನೋಡುತ್ತಿದ್ದರು.

ಅಂದು ಭಜನೆ ಕೇಳಿದವರು ಸುಮ್ಮನಿರಲಿಲ್ಲ. ನಮ್ಮಪ್ಪನಿಗೂ ಹೇಳಿಕೊಡ್ತೀರಾ, ನಮ್ಮ ಅಕ್ಕನಿಗೂ ಹೀಗೇ ಆಗಿದೆ ಎಂದು ಹುಡುಕಿಕೊಂಡು ಬಂದರು. ಮಾವ ಸಂಘದವರ ಬೆನ್ನು ಹತ್ತಿ ಭಾನುವಾರದ ಬೆಳಿಗ್ಗೆಗೆ ಹಾಲ್ ಕೇಳಿಕೊಂಡರು. ಆ ಮರಾಠಿ ಹುಡುಗಿಯನ್ನೂ ಒಪ್ಪಿಸಿದರು. ಕಲ್ಯಾಣದಿಂದ, ಠಾಣೆಯಿಂದ ಜನ ಬರತೊಡಗಿದರು. ನಡೆಯಲಾರದವರನ್ನು ಸ್ಟೇಷನ್ನಿನಿಂದ ರಿಕ್ಷಾದಲ್ಲಿ ಕರೆತರುವುದು ಮಾವನದೇ ಕೆಲಸ.

ಠಾಣೆಯ ವರ್ತಕ ನಗರದಲ್ಲಿ ಹೋಟೆಲ್ ನಡೆಸಿದ್ದ, ಲಕ್ವ ಹೊಡೆದಿದ್ದ ಒಬ್ಬರು ಬಂದು ಗೋಡೆಗೆ ಮುಖ ಮಾಡಿ ಕೂರುತ್ತಿದ್ದರು. ಯಾವ ವ್ಯಾಯಾಮವೂ ಬೇಡ. ಮಾವ ಮುಂದಿನ ಭಾನುವಾರ ಗ್ಯಾಸಿನ ಒಲೆ, ಕಾವಲಿ, ಹಿಟ್ಟು ಹೊತ್ತುಕೊಂಡೇ ಹೋದರು. "ಎಂತ ಮಾರಾಯ್ರೆ, ನಮ್ಮ ಸೊಸೆಯ ದೋಸೆ ತಿಂದು ಸಾಕಾಯ್ತು. ನೀವು ಒಂದು ಎರೀರಿ ನೋಡುವ."

ಮೊದಲ ದೋಸೆ ಕಾವಲಿ ಬಿಟ್ಟು ಒಲೆಯ ಮೇಲೆಲ್ಲ ಹರಿಯಿತು. ಅವರು ಸೌಟು ಕೆಳಗಿಡಲಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಭಾನುವಾರದ ತಿಂಡಿ ಅವರ ಪಾಲಿಗೆ ಬಂತು, "ಚಟ್ನಿಗೆ ಉಪ್ಪು ಯಾರು ಹಾಕಿದ್ದು?" ಎಂದು ಗದರುವಷ್ಟು ಗೆಲುವಾದರು.

ಕಳೆದ ವರ್ಷ ಒಂದು ಬೆಳಿಗ್ಗೆ, ಚಹಾ ಕುಡಿದು ಕೂತಲ್ಲೇ ಮಾವ ಹೋದರು. ಹೃದಯಾಘಾತ. ಯಾರಿಗೂ ಏನೂ ಮಾಡಲು ಆಸ್ಪದವಾಗಲಿಲ್ಲ.

ಸೂತಕ ಕಳೆದ ಮೊದಲ ಭಾನುವಾರ ನಾನು ಏಳುವಷ್ಟರಲ್ಲಿ ಅತ್ತೆ ಸೀರೆ ಉಟ್ಟು ಸಿದ್ಧರಾಗಿದ್ದರು. "ಎಲ್ಲಿಗ್ರಿ ಅತ್ತಿ?" ಎಂದೆ.

"ಕ್ಲಾಸಿಗೆ. ಜನ ಬರ್ತಾರಲ್ಲ."

ಮೆಟ್ಟಿಲ ಕಂಬಿ ಹಿಡಿದು ತಾವೇ ಇಳಿದರು. ನಾನು ಹಿಂದೆ ನಡೆದೆ. ಹಾಲ್‌ನಲ್ಲಿ ಹೊಸದಾಗಿ ಬಂದಿದ್ದ ಹೆಂಗಸೊಬ್ಬಳು ಕುರ್ಚಿಯಲ್ಲಿ ಮುದುಡಿ ಅಳುತ್ತಿದ್ದಳು. ಅತ್ತೆ ಅವಳ ಎದುರು ನಿಂತು, ಅಳು ನಿಲ್ಲುವವರೆಗೆ ಕಾದರು.

"ಆಯ್ತಾ? ನಾನು ಇದಕ್ಕಿಂತ ಜೋರು ಅತ್ತಿದ್ದೆ" ಎಂದರು. "ಈಗ ಏಳಿ."

ಅವಳು ಎದ್ದಳು.