ವಂಶದಲ್ಲೇ ಇಲ್ಲದ ಕಾಯಿಲೆ

ತಿಪಟೂರಿನಲ್ಲಿ ಅರಿವಳಿಕೆ ಕೊಡುವ ಡಾಕ್ಟರು ನಾನು. ಮದುವೆ ಗೊತ್ತಾಗಿದ್ದ ಹುಡುಗಿಯೊಬ್ಬಳು ಅಪೆಂಡಿಕ್ಸ್ ಆಪರೇಷನ್ನಿಗೆ ಬಂದಿದ್ದಳು. "ನಿಮ್ಮ ಮನೇಲಿ ಯಾರಿಗಾದ್ರೂ ಅರಿವಳಿಕೆಯಿಂದ ತೊಂದರೆ ಆಗಿತ್ತಾ?" ಅಂತ ಅವಳ ಅಪ್ಪನನ್ನು ಕೇಳಿದೆ.

"ನಮ್ಮ ವಂಶದಲ್ಲೇ ಕಾಯಿಲೆ ಅನ್ನೋದಿಲ್ಲ ಬುಡಿ ಮೇಡಂ," ಅಂದವರು, ಎಳನೀರಿನ ಗೊನೆ ಸಮೇತ ಬಂದು ಕೂತಿದ್ದ ಗಂಡಿನ ಕಡೆಯವರತ್ತ ನೋಡಿದರು.

ಅವರೆಲ್ಲ ಕಾಫಿಗೆ ಎದ್ದುಹೋದ ಮೇಲೆ ಹುಡುಗಿಯ ತಾಯಿ ನನ್ನ ಕಿವಿಗೆ ಬಾಯಿಟ್ಟರು. "ನಮ್ಮಪ್ಪಂಗೆ ಹರ್ನಿಯಾ ಆಪರೇಷನ್ನಲ್ಲಿ ಯಾವುದೋ ಇಂಜೆಕ್ಷನ್ ಒಗ್ಗದೆ, ಅರ್ಧ ದಿನ ಮಿಷಿನ್ನೇ ಉಸಿರಾಡಿಸ್ತು. ವಂಶದಲ್ಲೇ ಬರೋ ದೋಷ ಅಂದಿದ್ರು. ಗಂಡಿನ ಕಡೆಯವರ ಮುಂದೆ ಹೇಳ್ಬುಟ್ಟೀರ, ಜೋಕೆ!"

ಲಕ್ಷಣ ಕೇಳಿದ್ದೇ ಅದು ಯಾವ ಇಂಜೆಕ್ಷನ್ ಅಂತ ನನಗೆ ಗೊತ್ತಾಯಿತು: ಸ್ನಾಯು ಸಡಿಲಿಸೋ ಔಷಧಿ. ಆ ಇಂಜೆಕ್ಷನ್ನನ್ನೇ ಸಿರಿಂಜಿಗೆ ತುಂಬಿಟ್ಟಿದ್ದೆ. ಅದನ್ನು ಚೆಲ್ಲಿ, ಬೇರೆ ಔಷಧಿ ತರಿಸಿದೆ.

"ಅಂದ್ಹಾಗೆ, ಗಂಡು ಯಾರಮ್ಮ?"

"ನನ್ನ ಸ್ವಂತ ತಮ್ಮ. ಅವತ್ತು ಆಸ್ಪತ್ರೇಲಿ ಅಪ್ಪನ ಪಕ್ಕ ಕೂತಿದ್ದೋನೂ ಅವನೇ."

ಅಂತೂ ಗುಟ್ಟು ಗೊತ್ತಿಲ್ಲದೆ ಇದ್ದವಳು, ಸಿರಿಂಜು ಹಿಡಿದಿದ್ದ ನಾನೊಬ್ಬಳೇ.