ನಾನು ಬರೆಯದ ಹೆಸರು

ಎಂಬತ್ತರ ದಶಕದ ಮೊದಲಲ್ಲಿ ಶಲವಡಿ ಬಾಜೂಕಿನ ಒಂದು ಹಳ್ಳಿಯ ಶಾಲೆಗೆ ನಾನು ಹೊಸ ಮಾಸ್ತರನಾಗಿ ಹೋದೆ. ಜೂನ್ ತಿಂಗಳಲ್ಲಿ ಮಕ್ಕಳನ್ನು ದಾಖಲು ಮಾಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ಹುಟ್ಟಿದ ತಾರೀಖು ಯಾರಿಗೂ ಗೊತ್ತಿರುತ್ತಿರಲಿಲ್ಲ. ಎಲ್ಲರಿಗೂ ಜೂನ್ ಒಂದು ಎಂದು ಬರೆಯುವುದು ರೂಢಿ. ಅದಕ್ಕೆ ನನ್ನದೂ ಒಂದು ರೂಢಿ ಸೇರಿಸಿದೆ. ತಿಪ್ಪವ್ವ, ಕಸವ್ವ ಎಂಬಂಥ ಹೆಸರು ಹೊತ್ತು ಬಂದ ಮಕ್ಕಳಿಗೆ ಯಾರನ್ನೂ ಕೇಳದೆ ಚೆಂದದ ಹೆಸರು ಬರೆದುಬಿಡುತ್ತಿದ್ದೆ. ಸಮಾಜ ಸುಧಾರಿಸುತ್ತಿದ್ದೇನೆಂಬ ಜಂಬ ಬೇರೆ. ಇಪ್ಪತ್ಮೂರರ ಹುಡುಗನ ಕೈಗೆ ಸರಕಾರಿ ಪೆನ್ನು ಸಿಕ್ಕರೆ ಇನ್ನೇನಾಗುತ್ತದೆ.

ಒಂದು ದಿನ ಗಾದಿ ಹೊಲಿಯುವ ಪಿಂಜಾರರ ಮನೆಯ ಹೆಣ್ಣುಮಗಳು ಮಗನನ್ನು ಕರೆತಂದಳು. ಅವಳ ಸೆರಗಿಗೆಲ್ಲ ಹತ್ತಿಯ ಎಳೆಗಳು ಅಂಟಿಕೊಂಡಿದ್ದವು. ಹುಡುಗನ ಹೆಸರು ತುರ್ಸುನ್ ಅಂದಳು.

"ಇದೆಂಥಾ ಹೆಸರು ಯಕ್ಕಾ? ಅರ್ಥ ಏನಿದರದು?" ಎಂದು ನಕ್ಕೆ.

"ಅರ್ಥ ನನಗ ಗೊತ್ತಿಲ್ರಿ ಸರ. ನಮ್ಮ ಮಾವನೋರ ಅಜ್ಜಂದು ಇದ ಹೆಸರು. ಇವನಕಿಂತ ಮೊದಲ ನನ್ನವು ಮೂರು ಕೂಸು ಹೋದುವ್ರಿ. ಇವಗ ಇದನ್ನ ಇಡು ಅಂತ ನಮ್ಮತ್ತಿ ಹೇಳಿದ್ರು."

ಅಷ್ಟರಲ್ಲಿ ನಾನು, ಊರಲ್ಲಿ ಆಗಲೇ ನಾಲ್ಕು ಮಂದಿಗಿದ್ದ ಒಂದು ಹೆಸರನ್ನು ರಜಿಸ್ಟರಿನಲ್ಲಿ ಬರೆದು ಮುಗಿಸಿದ್ದೆ. ಹಾಗೆಂದು ಹೇಳಿದಾಗ ಅವಳ ಮುಖ ಸಪ್ಪಗಾಯಿತು. "ಬ್ಯಾಡ್ರಿ ಸರ. ಆ ಹೆಸರಿನ ಮ್ಯಾಲನ ಅವ ಬದುಕ್ಯಾನ" ಅಂದಳು. ಮೂಢನಂಬಿಕೆ ಬಿಡಬೇಕೆಂದು ಐದು ನಿಮಿಷ ಭಾಷಣ ಬಿಗಿದು ಕಳಿಸಿದೆ.

ನಾಲ್ಕು ವರ್ಷದ ಬಳಿಕ ಅಣ್ಣಿಗೇರಿಯ ಸ್ಟ್ಯಾಂಡಿನಲ್ಲಿ ಬಸ್ಸು ಕಾಯುತ್ತ, ಉರ್ದು ಶಾಲೆಯಿಂದ ನಿವೃತ್ತರಾಗಿದ್ದ ಹಿರಿಯರೊಬ್ಬರ ಜೊತೆ ಚಹಾ ಕುಡಿಯುತ್ತಿದ್ದೆ. ತಮಾಷೆಗೆಂದು ಆ ಹೆಸರು ತೆಗೆದೆ. ಅವರು ನಗಲಿಲ್ಲ.

"ಅದು ಅರಬ್ಬೀನೂ ಅಲ್ಲ, ಫಾರ್ಸೀನೂ ಅಲ್ರಿ. ತುರ್ಕರ ಮಾತು. ಇರಲಿ, ಉಳೀಲಿ ಅಂತ ಅರ್ಥ. ಸಮರಖಂದ, ಬುಖಾರಾ ಕಡೆ, ಕೂಸು ಉಳೀಲಾರದ ಮನ್ಯಾಗ ಇಡತಾರ. ಆ ಕಡಿಂದ ಬಂದ ಯಾವನರೆ ಫಕೀರ ಇಟ್ಟು ಹೋಗಿರಬೇಕು. ಈ ಸೀಮ್ಯಾಗ ನಾ ಅಂತೂ ಕೇಳಿಲ್ಲ."

ನನಗೆ ನಮ್ಮ ಮನೆಯದೇ ನೆನಪಾಯಿತು. ನನ್ನ ಸ್ವಂತ ಅಣ್ಣ ಹುಟ್ಟಿದ ಐದನೆಯ ದಿನ ಅವ್ವ ಅವನನ್ನು ತಿಪ್ಪೆಯ ಮೇಲೆ ಮಲಗಿಸಿ ತಿಪ್ಪೆಯದೇ ಹೆಸರಿಟ್ಟಿದ್ದಳು. ಅವನಿಗಿಂತ ಮೊದಲಿನವು ಎರಡು ಹೋಗಿದ್ದವು; ಕಸವೆಂದು ತಿಳಿದು ಸಾವು ಇದೊಂದನ್ನಾದರೂ ಬಿಡಲಿ ಎಂಬ ಆಸೆ. ಇದೆಲ್ಲ ನನಗೆ ಗೊತ್ತಿದ್ದದ್ದೇ. ಗೊತ್ತಿದ್ದೂ ಆ ತಾಯಿಯ ಮಾತನ್ನು ಕಿವಿಗೆ ಹಾಕಿಕೊಂಡಿರಲಿಲ್ಲ. ಹೀಗೆ ಇನ್ನೆಷ್ಟು ತಾಯಂದಿರು ಇಟ್ಟ ಹೆಸರು ಹೊಡೆದುಹಾಕಿದ್ದೆನೋ.

ಮರುದಿನವೇ ಪಿಂಜಾರರ ಮನೆಗೆ ಹೋಗಿ ಅರ್ಥ ಹೇಳಿದೆ. ಗಾದಿಗೆ ಹತ್ತಿ ತುಂಬುತ್ತಿದ್ದವಳು ಕೈ ನಿಲ್ಲಿಸಿ, "ಉಳೀಲಿ" ಎಂದು ತನ್ನಷ್ಟಕ್ಕೆ ಎರಡು ಸಲ ಹೇಳಿಕೊಂಡಳು. ಆಮೇಲೆ, "ಹಂಗಾರ ಈಗರೆ ತಿದ್ದರಿ ಸರ" ಅಂದಳು. ತಿದ್ದುತ್ತೇನೆ ಎಂದು ಮಾತು ಕೊಟ್ಟೆ.

ತಿದ್ದಲಿಲ್ಲ. ತಿದ್ದಬೇಕಾದರೆ ನವಲಗುಂದದ ಕಚೇರಿಗೆ ಕಾಗದ ಹೋಗಬೇಕು. ಬೇರೆ ಹೆಸರು ಬರೆದವರು ಯಾರು, ಯಾಕೆ ಎಂಬುದಕ್ಕೆ ನಾನೇ ಉತ್ತರ ಬರೆದು ಸಹಿ ಮಾಡಬೇಕು. ನೌಕರಿಗೆ ಎಲ್ಲಿ ಸಂಚಕಾರ ಬರುತ್ತದೋ ಎಂದು ಹೆದರಿದೆ. ಇಂದು ನಾಳೆ ಅನ್ನುತ್ತ ದಬ್ಬಿದೆ. ಹಾಜರಿ ಕೂಗುವಾಗ ಮಾತ್ರ ತುರ್ಸುನ್ ಎಂದೇ ಕೂಗತೊಡಗಿದೆ. ಹುಡುಗ ಅದನ್ನು ಮನೆಯಲ್ಲಿ ಹೇಳಿದ. ಕೆಲಸ ಆಯಿತೆಂದು ಅವಳು ತಿಳಿದಳು. ರಮಜಾನ್ ಹಬ್ಬಕ್ಕೆ ಅವರ ಮನೆಯಿಂದ ನಮ್ಮ ಮನೆಗೆ ಹಾಲು ಶಾವಿಗೆಯ ಸುರಕುಂಬಾ ಬರತೊಡಗಿತು. ನಾನು ಅದನ್ನು ಬಟ್ಟಲು ಖಾಲಿಯಾಗುವವರೆಗೆ ಕುಡಿದೆ. ಆ ನಾಚಿಕೆ ಇಂದಿಗೂ ಹೋಗಿಲ್ಲ.

ಹುಡುಗ ಏಳನೇ ಇಯತ್ತೆ ಪಾಸಾದಾಗ, ಶಾಲೆ ಬಿಟ್ಟ ದಾಖಲೆ ಒಯ್ಯಲು ತಾಯಿ ಮಗ ಬಂದರು. ಅವಳಿಗೆ ಓದಲು ಬಾರದು. ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು, "ಇವನ ಹೆಸರು ಎಲ್ಲೈತ್ರಿ ಸರ? ಬೊಟ್ಟು ಮಾಡಿ ತೋರಿಸ್ರಿ" ಅಂದಳು.

ನಾನು ಹಿಂದೆ ಬರೆದಿದ್ದ ಆ ಬೇರೆ ಹೆಸರಿನ ಮೇಲೆ ಬೆರಳಿಟ್ಟು, "ಇಲ್ಲೈತಿ ನೋಡ್ರಿ" ಅಂದೆ. ಅವಳು ಅದನ್ನು ಕಣ್ಣಿಗೆ ಒತ್ತಿಕೊಂಡಳು.

ಹುಡುಗನಿಗೆ ಓದಲು ಬರುತ್ತಿತ್ತು, ಕಲಿಸಿದವನು ನಾನೇ. ಅವನು ಕಾಗದ ನೋಡಿದ, ನನ್ನ ಮುಖ ನೋಡಿದ. ಆಮೇಲೆ ಅವ್ವನ ಕಡೆ ತಿರುಗಿ, "ಹೌದಬೇ, ಅದ ಐತಿ" ಅಂದ.